ತಾಯಿಬೆಕ್ಕು ಕೇಳುವ ಅಭಯದಾನ

ಬೆಕ್ಕು ತನ್ನ ಮರಿಗಳಿಗೆ ಏಳು ಮನೆ ತೋರಿಸುತ್ತದೆ ಎಂಬ ಮಾತು ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಇಂದು ಅಟ್ಟದ ಮೂಲೆಯಲ್ಲಿದ್ದ ಮರಿಗಳು ನಾಳೆ ಸೌದೆಯ ಕೊಟ್ಟಿಗೆಯಲ್ಲಿ, ನಾಡಿದ್ದು ನೆರೆಮನೆಯ ಹಳೆಯ ಪೆಟ್ಟಿಗೆಯ ಹಿಂದೆ. ತಾಯಿಬೆಕ್ಕು ಒಂದೊಂದೇ ಮರಿಯನ್ನು ಕತ್ತಿನಲ್ಲಿ ಕಚ್ಚಿ ಹಿಡಿದು, ಗೋಡೆಯ ಅಂಚಿನಲ್ಲಿ ಸದ್ದಿಲ್ಲದೆ ಸಾಗುವುದನ್ನು ಕಾಣದ ಮನೆ ವಿರಳ. ಕಂಡವರಲ್ಲಿ ಹೆಚ್ಚಿನವರು ಅದನ್ನು ಚಂಚಲ ಸ್ವಭಾವವೆಂದು ನಕ್ಕು ಸುಮ್ಮನಾಗುತ್ತಾರೆ. ಒಂದೆಡೆ ನೆಲೆ ನಿಲ್ಲದವನ ಸಂಸಾರವನ್ನು ಬೆಕ್ಕಿನ ಬಿಡಾರವೆಂದು ಹಾಸ್ಯ ಮಾಡುವುದೂ ಉಂಟು. ಆದರೆ ಆ ತಾಯಿ ಏಕೆ ಹಾಗೆ ಅಲೆಯುತ್ತದೆ ಎಂದು ಕೇಳುವವರು ಕಡಿಮೆ. ಅಹಿಂಸೆಯನ್ನು ಮೊದಲ ವ್ರತವಾಗಿ ಸ್ವೀಕರಿಸಿದ ಜೈನ ಗೃಹಸ್ಥನಾದರೂ ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಏಕೆಂದರೆ ಉತ್ತರದ ಒಂದು ಪಾಲು ಅವನ ಮನೆಯೊಳಗೇ ಇದೆ.

ಹಳೆಯ ಹೆಂಚಿನ ಮನೆಯೊಂದರಲ್ಲಿ ನಡೆದ ಸಂಗತಿ ಹೀಗಿದೆ. ದಶಲಕ್ಷಣ ಪರ್ವಕ್ಕೆ ಇನ್ನೆರಡು ವಾರಗಳಿದ್ದವು. ಪರ್ವಕ್ಕೆ ಮುನ್ನ ಮನೆಯನ್ನು ಶುಚಿಗೊಳಿಸುವುದು ಆ ಮನೆಯ ವಾಡಿಕೆ. ಅಟ್ಟದ ಮೇಲಿನ ಹಳೆಯ ಗೋಣಿಚೀಲಗಳನ್ನು ಸರಿಸಿದಾಗ ಇನ್ನೂ ಕಣ್ಣು ತೆರೆಯದ ಮೂರು ಬೆಕ್ಕಿನ ಮರಿಗಳು ಕಂಡವು. ಮನೆಯ ಮಗುವಿಗೆ ಸಂಭ್ರಮವೋ ಸಂಭ್ರಮ. ಮರಿಗಳನ್ನು ಮೊರದಲ್ಲಿ ಇಟ್ಟುಕೊಂಡು ಬೀದಿಯ ಗೆಳತಿಯರಿಗೆಲ್ಲ ತೋರಿಸಿದಳು. ಮರುದಿನ ಬೆಳಿಗ್ಗೆ ನೋಡಿದರೆ ಅಟ್ಟ ಖಾಲಿ. ಮೂರು ದಿನಗಳ ಬಳಿಕ ಸೌದೆಯ ರಾಶಿಯ ಹಿಂದೆ ಮತ್ತೆ ಸಿಕ್ಕವು, ಮತ್ತೆ ಎಲ್ಲರೂ ನೋಡಿದರು, ಮತ್ತೆ ಕಾಣೆಯಾದವು. ಕೊನೆಗೊಂದು ದಿನ ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ, ಅಕ್ಕಿಯ ಡಬ್ಬಗಳ ಸಂದಿಯಲ್ಲಿ ಮರಿಗಳ ಸದ್ದು ಕೇಳಿದಾಗ ಮನೆಯ ಯಜಮಾನನ ಸಹನೆ ಮೀರಿತು. ಪರ್ವದ ದಿನಗಳಲ್ಲಿ ಉಗ್ರಾಣ ಮೈಲಿಗೆಯಾಗಬಾರದೆಂಬುದು ಅವನ ಚಿಂತೆ. ತಾಯಿಬೆಕ್ಕು ಹೊರಗೆ ಹೋದ ಹೊತ್ತು ನೋಡಿ, ಮೂರೂ ಮರಿಗಳನ್ನು ಚೀಲವೊಂದರಲ್ಲಿ ಹಾಕಿಕೊಂಡು ಹೋಗಿ ಪೇಟೆಯ ಅಂಚಿನಲ್ಲಿ ಬಿಟ್ಟುಬಂದನು.

ಆ ರಾತ್ರಿ ತಾಯಿಬೆಕ್ಕು ಉಗ್ರಾಣದಿಂದ ಸೌದೆಯ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಅಟ್ಟಕ್ಕೆ, ಅಟ್ಟದಿಂದ ಮತ್ತೆ ಉಗ್ರಾಣಕ್ಕೆ ಕೂಗುತ್ತ ತಿರುಗಿತು. ತಾನು ಮರಿಗಳನ್ನು ಇಟ್ಟಿದ್ದ ಒಂದೊಂದು ತಾಣವನ್ನೂ ಮೂಸಿ ನೋಡಿತು. ‘ಅಜ್ಜಿ, ಅದು ಯಾಕೆ ಹೀಗೆ ಕೂಗ್ತಾ ಇದೆ?’ ಎಂದು ಮಗು ಕೇಳಿತು. ‘ಮರಿ ಹುಡುಕ್ತಾ ಇದೆ ಮಗಾ’ ಎಂದರು ಅಜ್ಜಿ. ‘ಅಪ್ಪ ಎಲ್ಲಿ ಬಿಟ್ಟು ಬಂದಿದ್ದಾರೆ ಅಂತ ಅದಕ್ಕೆ ಹೇಳಬಾರದಾ?’ ಎಂದಿತು ಮಗು. ಅಜ್ಜಿಯ ಬಳಿ ಉತ್ತರವಿರಲಿಲ್ಲ. ಬೆಳಗಾಗುತ್ತಲೇ ಯಜಮಾನನು ಪೇಟೆಯ ಅಂಚಿಗೆ ಹೋಗಿ ನೋಡಿದನು. ಚೀಲವಿತ್ತು, ಮರಿಗಳಿರಲಿಲ್ಲ. ಪರ್ವ ಬಂದಿತು. ಹತ್ತು ದಿನಗಳ ಪೂಜೆ, ಸ್ವಾಧ್ಯಾಯ, ಏಕಾಶನಗಳು ನಡೆದವು. ಕ್ಷಮಾವಾಣಿಯಂದು ಸಕಲ ಜೀವಿಗಳಲ್ಲಿ ಕ್ಷಮೆ ಕೇಳುವ ಹೊತ್ತಿಗೆ ಅಜ್ಜಿಯ ಕಣ್ಣು ಅಟ್ಟದ ಕಡೆಗೆ ಹೋಯಿತು.

ಇದು ಒಂದೇ ಮನೆಯ ಕಥೆಯಲ್ಲ. ಹಲವು ಸದ್ಗೃಹಸ್ಥರ ಮನೆಗಳಲ್ಲಿ, ಯಾರ ಮನಸ್ಸಿನಲ್ಲಿಯೂ ಕೇಡಿಲ್ಲದೆ, ಹೀಗೆಯೇ ನಡೆಯುತ್ತದೆ. ಮಗುವಿನ ಮನಸ್ಸಿನಲ್ಲಿ ಇದ್ದದ್ದು ಪ್ರೀತಿ, ಯಜಮಾನನ ಮನಸ್ಸಿನಲ್ಲಿ ಇದ್ದದ್ದು ಶುಚಿಯ ಕಾಳಜಿ. ಆದರೂ ಅಲ್ಲಿ ಹಿಂಸೆ ನಡೆಯಿತು. ಕೇಡು ಬಯಸದವರ ಕೈಯಿಂದಲೂ ಹಿಂಸೆ ಹೇಗೆ ನಡೆಯುತ್ತದೆ ಎಂಬುದನ್ನು ಜೈನಾಚಾರ್ಯರಷ್ಟು ಸೂಕ್ಷ್ಮವಾಗಿ ವಿವೇಚಿಸಿದವರು ಕಡಿಮೆ. ಆ ವಿವೇಚನೆಗೆ ಮೊದಲು ತಾಯಿಬೆಕ್ಕಿನ ವರ್ತನೆಯನ್ನು ಇದ್ದುದು ಇದ್ದಂತೆ ಅರಿಯುವುದು ಅವಶ್ಯ. ಸಮ್ಯಕ್ ಚಾರಿತ್ರಕ್ಕೆ ಸಮ್ಯಕ್ ಜ್ಞಾನವು ಮುಂಚಿನ ಮೆಟ್ಟಿಲಷ್ಟೆ.

ಬೆಕ್ಕು ಸುಮಾರು ಒಂಬತ್ತು ವಾರ ಗರ್ಭ ಧರಿಸಿ ಮರಿ ಹಾಕುತ್ತದೆ. ಹುಟ್ಟಿದಾಗ ಮರಿಗಳ ಕಣ್ಣು ಮುಚ್ಚಿರುತ್ತದೆ, ಕಿವಿಯೂ ಕೇಳಿಸುವುದಿಲ್ಲ. ಸಾಮಾನ್ಯವಾಗಿ 7ರಿಂದ 14 ದಿನಗಳಲ್ಲಿ ಕಣ್ಣು ತೆರೆಯುತ್ತದೆ. ಮೊದಲ ವಾರಗಳಲ್ಲಿ ತಮ್ಮ ಮೈಯ ಬಿಸಿಯನ್ನು ಕಾಯ್ದುಕೊಳ್ಳುವ ಶಕ್ತಿಯೂ ಅವಕ್ಕಿರುವುದಿಲ್ಲ. ತಾಯಿಯ ಒಡಲು, ಒಡಹುಟ್ಟಿದ ಮರಿಗಳ ಒತ್ತು, ಇವೇ ಅವುಗಳ ಹೊದಿಕೆ. ಮಲಮೂತ್ರ ವಿಸರ್ಜನೆಗೂ ತಾಯಿಯು ನಾಲಗೆಯಿಂದ ನೆಕ್ಕಿ ಪ್ರಚೋದಿಸಬೇಕು. ಮೂರನೆಯ ವಾರದ ಹೊತ್ತಿಗೆ ತಡವರಿಸುತ್ತ ನಡೆಯತೊಡಗುತ್ತವೆ, ನಾಲ್ಕನೆಯ ವಾರದಿಂದ ಮೆಲ್ಲಮೆಲ್ಲನೆ ಬೇರೆ ಆಹಾರದ ರುಚಿ ನೋಡುತ್ತವೆ. ಅಲ್ಲಿಯವರೆಗೆ ಅವುಗಳ ಜೀವವೆಲ್ಲ ತಾಯಿಯ ಹಾಲಿನಲ್ಲಿ.

ಅಷ್ಟು ಅಸಹಾಯಕ ಮರಿಗಳನ್ನು ಬಿಟ್ಟು ತಾಯಿಯು ಆಹಾರಕ್ಕಾಗಿ ಹೊರಗೆ ಹೋಗಲೇಬೇಕು. ಬೆಕ್ಕುಗಳಲ್ಲಿ ಗಂಡು ಮರಿಗಳ ರಕ್ಷಣೆಗೆ ನಿಲ್ಲುವುದಿಲ್ಲ. ಅಷ್ಟೇ ಅಲ್ಲ, ತನ್ನದಲ್ಲದ ಮರಿಗಳನ್ನು ಗಂಡುಬೆಕ್ಕು ಕೊಲ್ಲುವುದೂ ಉಂಟು. ನಾಯಿ, ಹಾವು, ಕಾಗೆ, ಹದ್ದುಗಳ ಭಯ ಬೇರೆ. ಒಂದೇ ತಾಣದಲ್ಲಿ ಹಲವು ದಿನ ಇದ್ದರೆ ಹಾಲಿನ, ಮರಿಗಳ ವಾಸನೆ ಕಟ್ಟಿಕೊಂಡು ಶತ್ರುವಿಗೆ ಸುಳಿವು ಸಿಗುತ್ತದೆ, ಚಿಗಟಗಳೂ ಹೆಚ್ಚುತ್ತವೆ. ಹೆಚ್ಚು ಬೆಳಕು, ಸದ್ದು, ಜನರ ಓಡಾಟ ಇವೆಲ್ಲ ತಾಯಿಗೆ ಅಪಾಯದ ಸೂಚನೆಗಳು. ಮರಿಗಳು ನಡೆಯತೊಡಗಿದ ಮೇಲೆ ಆಹಾರ ಸಿಗುವ ಕಡೆಗೆ ಅವುಗಳನ್ನು ಹತ್ತಿರ ತರುವುದೂ ಇದೆ. ಆದ್ದರಿಂದ ಏಳು ಮನೆ ಎಂಬುದು ಲೆಕ್ಕವಲ್ಲ. ಯಾರೂ ಕೆಣಕದಿದ್ದರೂ ತಾಯಿ ಒಂದೆರಡು ಬಾರಿ ಸ್ಥಳ ಬದಲಿಸಬಹುದು, ಕೆಣಕಿದಷ್ಟೂ ಹೆಚ್ಚು ಬಾರಿ ಬದಲಿಸುತ್ತದೆ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಒಮ್ಮೆ ಮುಟ್ಟಿದ ಮಾತ್ರಕ್ಕೆ ತಾಯಿ ಸಾಮಾನ್ಯವಾಗಿ ಮರಿಯನ್ನು ತ್ಯಜಿಸುವುದಿಲ್ಲ. ಅದನ್ನು ಅಲೆಯುವಂತೆ ಮಾಡುವುದು ಮತ್ತೆಮತ್ತೆ ಆಗುವ ಗದ್ದಲ, ಬಯಲಾದ ಗುಟ್ಟು.

ಹೀಗೆ ನೋಡಿದರೆ ಆ ಮನೆಯ ಬೆಕ್ಕು ಅಟ್ಟದಿಂದ ಉಗ್ರಾಣಕ್ಕೆ ಬಂದದ್ದು ಚಪಲದಿಂದಲ್ಲ. ಅಟ್ಟದ ತಾಣ ಬಯಲಾಯಿತು, ಸೌದೆಯ ತಾಣವೂ ಬಯಲಾಯಿತು. ಉಳಿದ ಕತ್ತಲೆಯ ಮೂಲೆ ಉಗ್ರಾಣವೊಂದೇ. ಬೆಕ್ಕನ್ನು ಉಗ್ರಾಣಕ್ಕೆ ತಂದವರು ಮನೆಯವರೇ. ಬಳಿಕ, ಉಗ್ರಾಣಕ್ಕೆ ಬಂದಿತೆಂದು ದಂಡಿಸಿದವರೂ ಅವರೇ.

ಸಂಸಾರಿ ಜೀವಿಗೆ ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಸಂಜ್ಞೆಗಳಿವೆಯೆಂದು ಜೈನಾಗಮ ಹೇಳುತ್ತದೆ. ಭಯವು ಅದರಲ್ಲೊಂದು. ಭಯದಲ್ಲಿಯೂ ಆಚಾರ್ಯರು ಏಳು ಬಗೆಗಳನ್ನು ಗುರುತಿಸಿದ್ದಾರೆ. ಇಹಲೋಕ ಭಯ, ಪರಲೋಕ ಭಯ, ವೇದನಾ ಭಯ, ಮರಣ ಭಯ, ಆಕಸ್ಮಿಕ ಭಯ ಇವುಗಳ ಜೊತೆಗೆ ಅರಕ್ಷಾ ಭಯ ಮತ್ತು ಅಗುಪ್ತಿ ಭಯ ಎಂಬ ಎರಡು ಬರುತ್ತವೆ. ಕಾಯುವವರು ಇಲ್ಲವೆಂಬ ಭಯ ಅರಕ್ಷಾ ಭಯ. ಅಡಗಿಕೊಳ್ಳಲು ಸುರಕ್ಷಿತವಾದ ತಾಣವಿಲ್ಲವೆಂಬ ಭಯ ಅಗುಪ್ತಿ ಭಯ. ಮರಿಯನ್ನು ಬಾಯಲ್ಲಿ ಹಿಡಿದು ಗೋಡೆಯ ಮೇಲೆ ನಿಂತು ಅತ್ತ ಇತ್ತ ನೋಡುವ ತಾಯಿಬೆಕ್ಕಿನಲ್ಲಿ ಈ ಎರಡು ಭಯಗಳು ಮೂರ್ತಿವೆತ್ತಂತೆ ಕಾಣುತ್ತವೆ. ಮಗಳನ್ನು ದೂರದ ಊರಿಗೆ ಓದಲು ಕಳುಹಿಸಿ, ಬಾಡಿಗೆ ಕೋಣೆಯ ಬಾಗಿಲಿಗೆ ಗಟ್ಟಿ ಬೀಗವಿದೆಯೇ ಎಂದು ಮತ್ತೆಮತ್ತೆ ವಿಚಾರಿಸುವ ತಾಯಿಯಲ್ಲಿ ಇರುವುದೂ ಅದೇ ಭಯ. ರೂಪ ಬೇರೆ, ಸಂಜ್ಞೆ ಒಂದೇ.

ಬೆಕ್ಕು ಪಂಚೇಂದ್ರಿಯ ಜೀವಿ, ಮನಸ್ಸುಳ್ಳ ಸಂಜ್ಞೀ ಜೀವಿ. ಐದು ಇಂದ್ರಿಯಗಳು, ಮನ ವಚನ ಕಾಯಗಳ ಮೂರು ಬಲಗಳು, ಉಸಿರಾಟ, ಆಯುಷ್ಯ ಎಂಬ ಹತ್ತು ಪ್ರಾಣಗಳು ಮನುಷ್ಯನಿಗೆ ಇರುವಂತೆಯೇ ಅದಕ್ಕೂ ಇವೆ. ಮರಿಯ ಕಣ್ಣು ಇನ್ನೂ ತೆರೆದಿಲ್ಲವೆಂದ ಮಾತ್ರಕ್ಕೆ ಅದು ಕೆಳಗಿನ ವರ್ಗದ ಜೀವಿಯಾಗುವುದಿಲ್ಲ. ತಿರ್ಯಂಚ ಗತಿಯಲ್ಲಿರುವ ಪಂಚೇಂದ್ರಿಯ ಜೀವಿಗೆ ಸಮ್ಯಗ್ದರ್ಶನವೂ, ಗೃಹಸ್ಥನಿಗೆ ಸಮನಾದ ದೇಶವ್ರತವೂ ಸಾಧ್ಯವೆಂದು ಸಿದ್ಧಾಂತ ಒಪ್ಪುತ್ತದೆ. ಭಗವಾನ್ ಮಹಾವೀರರ ಜೀವವು ಹಿಂದಿನ ಒಂದು ಭವದಲ್ಲಿ ಸಿಂಹವಾಗಿತ್ತು. ಬೇಟೆಯ ಹೊತ್ತಿನಲ್ಲಿ ಎದುರಾದ ಇಬ್ಬರು ಚಾರಣ ಮುನಿಗಳ ಉಪದೇಶ ಕೇಳಿ ಅದು ಹಿಂಸೆಯನ್ನು ತೊರೆಯಿತು ಎಂದು ಪುರಾಣ ತಿಳಿಸುತ್ತದೆ. ಸಿಂಹವೂ ಬೆಕ್ಕಿನ ಕುಲದ್ದೇ. ಆ ಮುನಿಗಳು ಅದನ್ನು ಕ್ರೂರ ಮೃಗವೆಂದು ತಿರಸ್ಕರಿಸಿದ್ದರೆ ಎಂಬ ಯೋಚನೆ ಶ್ರಾವಕನಿಗೆ ಬರಬೇಕು.

ಹಾಗೆಂದು ಬೆಕ್ಕನ್ನು ಸಾಧುವಾಗಿ ಚಿತ್ರಿಸುವುದೂ ಸತ್ಯವಲ್ಲ. ಮರಿಯನ್ನು ಹಿಡಿದ ಬಾಯಿಯೇ ಇಲಿಯನ್ನೂ ಹಿಡಿಯುತ್ತದೆ. ಹಲ್ಲು ಅದೇ, ದವಡೆ ಅದೇ. ಒಂದು ಹಿಡಿತದಲ್ಲಿ ಪ್ರಾಣ ಹೋಗುತ್ತದೆ, ಇನ್ನೊಂದರಲ್ಲಿ ಪ್ರಾಣ ಉಳಿಯುತ್ತದೆ. ಮರಿಯ ಕತ್ತಿನ ಹಿಂಬದಿಯ ಸಡಿಲ ಚರ್ಮವನ್ನು ತಾಯಿ ಹಿಡಿದೊಡನೆ ಮರಿಯು ಕಾಲು ಮುದುಡಿಕೊಂಡು ಅಲುಗದೆ ನೇತಾಡುತ್ತದೆ. ತಾಯಿಯ ಹಲ್ಲು ಗಾಯ ಮಾಡುವುದಿಲ್ಲ, ಮರಿ ಜಾರಿ ಬೀಳುವುದೂ ಇಲ್ಲ. ಅಕ್ಷರಗಳ ಉಚ್ಚಾರಣೆ ಹೇಗಿರಬೇಕೆಂದು ಹೇಳುವಾಗ ಪಾಣಿನೀಯ ಶಿಕ್ಷೆಯು ಹೆಣ್ಣುಹುಲಿ ತನ್ನ ಮರಿಗಳನ್ನು ಹಲ್ಲಿನಿಂದ ಹಿಡಿದು ಒಯ್ಯುವ ಬಗೆಯನ್ನೇ ಉಪಮೆಯಾಗಿ ಬಳಸಿಕೊಂಡಿದೆ. ಬಲವಾಗಿ ಹಿಡಿದರೆ ನೋವು, ಸಡಿಲವಾಗಿ ಹಿಡಿದರೆ ಬೀಳುವ ಭಯ. ಇವೆರಡರ ನಡುವಣ ಎಚ್ಚರವೇ ಅಲ್ಲಿನ ಪಾಠ.

ಇದೇ ಎಚ್ಚರಕ್ಕೆ ಜೈನ ಪರಿಭಾಷೆಯಲ್ಲಿ ಆದಾನ ನಿಕ್ಷೇಪಣ ಸಮಿತಿ ಎಂಬ ಹೆಸರಿದೆ. ವಸ್ತುವನ್ನು ಎತ್ತಿಕೊಳ್ಳುವಾಗಲೂ ಇಡುವಾಗಲೂ ಜೀವಿಗಳಿಗೆ ಬಾಧೆಯಾಗದಂತೆ ನೋಡಿ ನಡೆದುಕೊಳ್ಳುವುದು ಅದರ ಅರ್ಥ. ಮುನಿಗಳು ಕಮಂಡಲುವನ್ನಾಗಲಿ ಶಾಸ್ತ್ರವನ್ನಾಗಲಿ ಇಡುವ ಮುನ್ನ ನವಿಲುಗರಿಯ ಪಿಂಛಿಯಿಂದ ಮೃದುವಾಗಿ ಆ ಸ್ಥಳವನ್ನು ಸವರುವುದನ್ನು ಶ್ರಾವಕರು ಕಂಡಿರುತ್ತಾರೆ. ‘ತತ್ತ್ವಾರ್ಥ ಸೂತ್ರ’ವು ಅಹಿಂಸಾ ವ್ರತವನ್ನು ದೃಢಪಡಿಸುವ ಐದು ಭಾವನೆಗಳಲ್ಲಿ ಇದನ್ನೂ ಸೇರಿಸಿದೆ. ತಾಯಿಬೆಕ್ಕಿನ ಎಚ್ಚರ ಮೋಹದಿಂದ ಹುಟ್ಟಿದ್ದು. ಅದು ತನ್ನ ಮೂರು ಮರಿಗಳ ಆಚೆಗೆ ಹೋಗದು, ಇಲಿಯ ಮರಿಗೆ ಅದು ಅನ್ವಯಿಸದು. ಮುನಿಯ ಎಚ್ಚರ ವಿವೇಕದಿಂದ ಹುಟ್ಟಿದ್ದು. ಅದಕ್ಕೆ ತನ್ನದು ಪರರದು ಎಂಬ ಗಡಿಯಿಲ್ಲ. ಗೃಹಸ್ಥನು ಇವೆರಡರ ನಡುವೆ ನಿಂತವನು. ಅಟ್ಟದ ಗೋಣಿಚೀಲವನ್ನು ಎಳೆಯುವ ಮುನ್ನ ಅದರ ಹಿಂದೆ ಏನಿದೆಯೆಂದು ಇಣುಕಿ ನೋಡುವುದು ಅವನ ಮಟ್ಟಿನ ಸಮಿತಿ.

ಪ್ರಮಾದದಿಂದ ಕೂಡಿದ ಮನ ವಚನ ಕಾಯಗಳ ಪ್ರವೃತ್ತಿಯಿಂದ ಪ್ರಾಣಕ್ಕೆ ಘಾಸಿಯಾಗುವುದೇ ಹಿಂಸೆ ಎಂಬುದು ‘ತತ್ತ್ವಾರ್ಥ ಸೂತ್ರ’ದ ಅಭಿಪ್ರಾಯ. ಇಲ್ಲಿ ಮುಖ್ಯವಾದ ಪದ ಪ್ರಮಾದ. ಕೊಲ್ಲಬೇಕೆಂಬ ಸಂಕಲ್ಪವಿಲ್ಲದಿದ್ದರೂ ಅಜಾಗರೂಕತೆ ಇದ್ದಲ್ಲಿ ಹಿಂಸೆಗೆ ಬಾಗಿಲು ತೆರೆದಿದೆ. ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಅದೇ ಗ್ರಂಥ ಹೇಳುತ್ತದೆ. ಬಂಧಿಸುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿದ ಭಾರ ಹೊರಿಸುವುದು ಮತ್ತು ಅನ್ನಪಾನಗಳನ್ನು ತಡೆಯುವುದು ಎಂಬಿವೇ ಆ ಐದು. ಇವೆಲ್ಲ ಎತ್ತು, ಕುದುರೆ, ಆಳುಕಾಳುಗಳ ಕಾಲದ ಮಾತು, ಇಂದಿನ ಮನೆಗೆ ಸಂಬಂಧವಿಲ್ಲ ಎಂದು ಭಾವಿಸುವವರಿದ್ದಾರೆ. ಹಾಲು ಬಿಟ್ಟು ಬೇರೇನನ್ನೂ ತಿನ್ನಲಾರದ ಮರಿಯನ್ನು ತಾಯಿಯಿಂದ ಅಗಲಿಸಿ ಪೇಟೆಯ ಅಂಚಿನಲ್ಲಿ ಬಿಡುವುದು ಅನ್ನಪಾನ ನಿರೋಧವಲ್ಲದೆ ಮತ್ತೇನು? ಮರಿಯನ್ನು ಚೀಲದಲ್ಲಿ ಕಟ್ಟುವುದು ಬಂಧವಲ್ಲದೆ ಮತ್ತೇನು? ಎಲ್ಲಿಯಾದರೂ ಬದುಕಿಕೊಳ್ಳಲಿ ಎಂಬ ಸಮಾಧಾನದ ಮಾತು ಬಿಟ್ಟುಬಂದವನ ಮನಸ್ಸಿಗಷ್ಟೇ ಸಮಾಧಾನ. ಎರಡು ವಾರದ ಮರಿ ತಾನಾಗಿಯೇ ಎಲ್ಲಿಯೂ ಬದುಕಿಕೊಳ್ಳಲಾರದು.

ಪ್ರೀತಿಯ ಹೆಸರಿನಲ್ಲಿ ನಡೆಯುವ ಬಾಧೆಯನ್ನೂ ಇಲ್ಲಿ ಮರೆಯುವಂತಿಲ್ಲ. ಮಗು ಮರಿಗಳನ್ನು ಮೊರದಲ್ಲಿ ಹೊತ್ತು ಬೀದಿಗೆ ಒಯ್ದಾಗ ಮನೆಯವರು ಮೆಚ್ಚಿ ನಕ್ಕರು. ಈಗಿನ ಮನೆಗಳಲ್ಲಿ ಮೊಬೈಲ್ ಹಿಡಿದು, ಬೆಳಕು ಬಿಟ್ಟು, ಹತ್ತಾರು ಚಿತ್ರ ತೆಗೆಯುವುದೂ ಸಾಮಾನ್ಯ. ಮರಿಯ ಅಂದವನ್ನು ತನ್ನದಾಗಿಸಿಕೊಳ್ಳುವ ಈ ಹಂಬಲಕ್ಕೆ ಶಾಸ್ತ್ರದಲ್ಲಿ ಪರಿಗ್ರಹ ಸಂಜ್ಞೆ ಎಂದು ಹೆಸರು. ಅದನ್ನು ಕರುಣೆಯೆಂದು ಭ್ರಮಿಸುವುದು ಸುಲಭ. ಕರುಣೆಯು ಎದುರಿನ ಜೀವಿಗೆ ಏನು ಬೇಕೆಂದು ಮೊದಲು ಕೇಳುತ್ತದೆ. ಪರಿಗ್ರಹವು ತನಗೆ ಏನು ಬೇಕೆಂದು ಕೇಳುತ್ತದೆ. ಮರಿಗಳಿರುವ ತಾಯಿಬೆಕ್ಕಿಗೆ ಬೇಕಾದದ್ದು ಕತ್ತಲು, ಮೌನ, ಒಂದಿಷ್ಟು ದೂರ. ಅದನ್ನು ಕೊಡುವುದಕ್ಕೆ ಖರ್ಚಿಲ್ಲ. ಕೈ ಚಾಚದೆ ಇರುವ ಸಂಯಮ ಸಾಕು.

ಈ ಹಂತದಲ್ಲಿ ಶಾಸ್ತ್ರ ಬಲ್ಲ ಶ್ರಾವಕರು ಒಂದು ಆಕ್ಷೇಪ ಎತ್ತಬಹುದು, ಅದು ನ್ಯಾಯವಾದದ್ದೇ. ಬೆಕ್ಕು ಮಾಂಸಾಹಾರಿ. ಬೆಕ್ಕಿನಂತಹ ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನು ಅನರ್ಥದಂಡವೆಂದು ಎಣಿಸಿ ಬೇಡವೆನ್ನುವ ಪರಂಪರೆ ಶ್ರಾವಕಾಚಾರದಲ್ಲಿದೆ. ಇಲಿಗಳನ್ನು ಕೊಲ್ಲಿಸುವ ಸಲುವಾಗಿ ಬೆಕ್ಕನ್ನು ತಂದು ಸಾಕಿದರೆ ಇಲಿಯ ಪ್ರಾಣಹಾನಿಯಲ್ಲಿ ಸಾಕಿದವನಿಗೂ ಪಾಲಿದೆ ಎಂಬುದು ಅದರ ಹಿಂದಿನ ತರ್ಕ. ಹಾಗಿದ್ದ ಮೇಲೆ ಬೆಕ್ಕಿಗೆ ಮನೆಯಲ್ಲಿ ಜಾಗ ಕೊಡುವುದು ವ್ರತಕ್ಕೆ ವಿರುದ್ಧವಲ್ಲವೇ, ಯಜಮಾನನು ಮಾಡಿದ್ದರಲ್ಲಿ ತಪ್ಪೇನು ಎಂಬುದು ಪ್ರಶ್ನೆ.

ಉತ್ತರವು ಸಾಕುವುದಕ್ಕೂ ಆಶ್ರಯ ಕೊಡುವುದಕ್ಕೂ ಇರುವ ಭೇದದಲ್ಲಿದೆ. ಬೇಟೆಗೆಂದು ಬೆಕ್ಕನ್ನು ತರುವವನು ಹಿಂಸೆಯ ಉಪಕರಣವನ್ನು ಸಂಗ್ರಹಿಸುತ್ತಾನೆ. ಅವನ ಭಾವ ಇಲಿಯ ಸಾವಿನ ಕಡೆಗಿದೆ. ತಾನಾಗಿ ಬಂದು ಮರಿ ಹಾಕಿದ ತಾಯಿಯನ್ನು ಕೆಲವು ವಾರ ಕೆಣಕದೆ ಬಿಡುವವನ ಭಾವ ಮರಿಗಳ ಉಳಿವಿನ ಕಡೆಗಿದೆ. ಅವನು ಬೆಕ್ಕನ್ನು ಬೇಟೆಗೆ ಕಳುಹಿಸಲಿಲ್ಲ, ಅದರ ಬೇಟೆಯನ್ನು ಅನುಮೋದಿಸಲೂ ಇಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ ಯಾವುದೂ ಅವನಿಗೆ ಅಂಟುವುದಿಲ್ಲ. ಬೆಕ್ಕನ್ನು ಸಾಕಬೇಡ ಎಂಬ ಎಚ್ಚರಿಕೆಯನ್ನು ಬೆಕ್ಕಿನ ಮರಿಯನ್ನು ಬೀದಿಗೆ ಎಸೆ ಎಂಬ ಅಪ್ಪಣೆಯಾಗಿ ಓದುವುದು ಶಾಸ್ತ್ರಕ್ಕೆ ಮಾಡುವ ಅಪಚಾರ. ಮನೆಯಲ್ಲಿ ಬೆಕ್ಕು ಬೇಡವೆನ್ನುವವನು ಮರಿಗಳು ತಾಯಿಯ ಹಾಲು ಬಿಡುವವರೆಗೆ ಕಾಯಲಿ, ಬಳಿಕ ಅವುಗಳಿಗೆ ತಕ್ಕ ನೆಲೆ ಹುಡುಕಲಿ. ಎರಡು ತಿಂಗಳ ಸಹನೆ ಯಾವ ವ್ರತವನ್ನೂ ಕೆಡಿಸದು.

ಉಗ್ರಾಣದ ಶುಚಿಯ ಪ್ರಶ್ನೆಯೂ ಕ್ಷುಲ್ಲಕವಲ್ಲ. ಮುನಿಗಳಿಗೆ ಆಹಾರದಾನ ಮಾಡುವ ಮನೆಗಳಲ್ಲಿ ಅಡುಗೆಯ ಶುದ್ಧಿಗೆ ದೊಡ್ಡ ಸ್ಥಾನವಿದೆ, ಅದು ಇರಬೇಕಾದದ್ದೇ. ಆದರೆ ಅಟ್ಟದಲ್ಲಿಯೇ ನೆಮ್ಮದಿಯಿಂದ ಇರಲು ಬಿಟ್ಟಿದ್ದರೆ ತಾಯಿ ಉಗ್ರಾಣದವರೆಗೆ ಬರುತ್ತಲೇ ಇರಲಿಲ್ಲವೇನೋ. ಬಂದ ಮೇಲೆಯೂ ದಾರಿಯಿತ್ತು. ಮನೆಯ ಹೊರಗಿನ ಕೋಣೆಯಲ್ಲಿ ಹಳೆಯ ಬಟ್ಟೆ ಹಾಸಿದ ಪೆಟ್ಟಿಗೆಯೊಂದನ್ನು ಇಟ್ಟು, ತಾಯಿಯ ಕಣ್ಣೆದುರಿಗೇ ಮರಿಗಳನ್ನು ಅಲ್ಲಿಗೆ ಸಾಗಿಸಬಹುದಿತ್ತು. ಉತ್ತಮ ಶೌಚವೆಂಬ ಧರ್ಮವನ್ನು ಆಚಾರ್ಯರು ಲೋಭದ ತ್ಯಾಗವೆಂದು ವಿವರಿಸಿದ್ದಾರೆಯೇ ಹೊರತು ಬರಿಯ ನೆಲ ತೊಳೆಯುವುದೆಂದಲ್ಲ. ದಶಲಕ್ಷಣದ ಮೊದಲ ದಿನದ ಧರ್ಮ ಉತ್ತಮ ಕ್ಷಮೆ ಎಂಬುದನ್ನೂ ನೆನೆಯಬೇಕು. ಆ ಧರ್ಮವನ್ನು ಸ್ವಾಗತಿಸಲು ಮನೆ ಗುಡಿಸಿದವನೇ ಸಹನೆಯನ್ನು ಕಳೆದುಕೊಂಡರೆ ಗುಡಿಸಿದ ಶ್ರಮ ವ್ಯರ್ಥ.

ಕನ್ನಡದ ಜೈನ ಪರಂಪರೆಯಲ್ಲಿ ಭಾವಹಿಂಸೆಯ ಕುರಿತು ಜನ್ನನ ‘ಯಶೋಧರ ಚರಿತೆ’ಗಿಂತ ತೀಕ್ಷ್ಣವಾದ ಎಚ್ಚರಿಕೆ ಇಲ್ಲ. 1209ರ ಆ ಕಾವ್ಯದಲ್ಲಿ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಯಶೋಧರನು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಹೋದದ್ದು ಹಿಟ್ಟು, ಆದರೂ ಸಂಕಲ್ಪದ ಹಿಂಸೆ ತಾಯಿ ಮಗ ಇಬ್ಬರನ್ನೂ ನವಿಲು ನಾಯಿಗಳಾಗಿ ಆರಂಭಿಸಿ ಭವಭವಗಳಲ್ಲಿ ತಿರ್ಯಂಚ ಯೋನಿಯಲ್ಲಿ ಅಲೆಸುತ್ತದೆ. ತಾಯಿಯೂ ಮಗನೂ ಒಬ್ಬರನ್ನೊಬ್ಬರು ಗುರುತಿಸದೆ ಪರಸ್ಪರ ಕೊಲ್ಲುವ ಸನ್ನಿವೇಶಗಳು ಓದುಗನನ್ನು ನಡುಗಿಸುತ್ತವೆ. ಆ ಕಾವ್ಯವನ್ನು ಓದಿದವನು ಅಂಗಳದ ಬೆಕ್ಕನ್ನು ಬರಿಯ ಬೆಕ್ಕೆಂದು ನೋಡಲಾರ. ಅನಾದಿಯಾದ ಸಂಸಾರದಲ್ಲಿ ಯಾವ ಜೀವ ಯಾರಿಗೆ ತಾಯಿಯಾಗಿತ್ತೋ, ಯಾರಿಗೆ ಮಗುವಾಗಿತ್ತೋ ಬಲ್ಲವರು ಕೇವಲಿಗಳು ಮಾತ್ರ.

ಬೆಕ್ಕಿನ ಮರಿಯನ್ನು ಕುರಿತು ಇನ್ನೊಂದು ಪ್ರಸಿದ್ಧ ದೃಷ್ಟಾಂತ ಶ್ರೀವೈಷ್ಣವ ಸಂಪ್ರದಾಯದಲ್ಲಿದೆ. ಮಂಗನ ಮರಿ ತಾಯಿಯನ್ನು ತಾನೇ ಬಿಗಿದಪ್ಪಿಕೊಳ್ಳುತ್ತದೆ, ಬೆಕ್ಕಿನ ಮರಿ ಏನನ್ನೂ ಮಾಡದೆ ತಾಯಿಗೆ ತನ್ನನ್ನು ಒಪ್ಪಿಸಿಕೊಳ್ಳುತ್ತದೆ. ಹಾಗೆಯೇ ಭಕ್ತನು ಭಗವಂತನಿಗೆ ಶರಣಾಗಬೇಕು ಎಂಬುದು ಮಾರ್ಜಾಲ ನ್ಯಾಯ. ಅದು ಆ ದರ್ಶನದ ದೃಷ್ಟಿ, ಅದಕ್ಕೆ ಅದರ ಗೌರವವಿದೆ. ಜೈನ ದರ್ಶನವು ಬೇರೊಂದು ಕಡೆಗೆ ಬೆರಳು ತೋರುತ್ತದೆ. ಆತ್ಮವನ್ನು ಕಚ್ಚಿ ಹಿಡಿದು ಸಂಸಾರದ ಆಚೆಗೆ ಇಳಿಸುವ ಒಬ್ಬ ಕರ್ತನನ್ನು ಅದು ಹೇಳುವುದಿಲ್ಲ. ತೀರ್ಥಂಕರರು ದಾರಿ ತೋರಿದರು, ನಡೆಯಬೇಕಾದವನು ಜೀವನೇ. ಅಶರಣ ಅನುಪ್ರೇಕ್ಷೆಯು ನೆನಪಿಸುವುದು ಇದನ್ನೇ. ಹೀಗಿರುವುದರಿಂದಲೇ ಜೀವಿಗಳು ಒಂದಕ್ಕೊಂದು ಮಾಡುವ ಉಪಕಾರಕ್ಕೆ ಜೈನ ಧರ್ಮದಲ್ಲಿ ಅಷ್ಟು ಬೆಲೆ. ಮೇಲಿನಿಂದ ಯಾರೂ ಇಳಿದುಬಂದು ಆ ಮೂರು ಮರಿಗಳನ್ನು ಎತ್ತಿಕೊಳ್ಳುವುದಿಲ್ಲ. ಅವುಗಳ ಪಾಲಿಗೆ ಇದ್ದದ್ದು ಒಬ್ಬ ತಾಯಿ, ಒಂದು ಅಟ್ಟ ಮತ್ತು ಆ ಅಟ್ಟದ ಕೆಳಗೆ ವಾಸಿಸುವ ಮನುಷ್ಯರು.

ದಾನಗಳಲ್ಲಿ ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕನ್ನು ಕರ್ನಾಟಕದ ಜೈನ ಶಾಸನಗಳೂ ಕಾವ್ಯಗಳೂ ಮತ್ತೆಮತ್ತೆ ಕೊಂಡಾಡಿವೆ. ಜಿನಸೇನಾಚಾರ್ಯರು ‘ಆದಿಪುರಾಣ’ದಲ್ಲಿ ಹೇಳುವ ನಾಲ್ಕು ದತ್ತಿಗಳಲ್ಲಿ ದಯಾದತ್ತಿಯೂ ಒಂದು. ದಯೆಗೆ ಪಾತ್ರವಾದ ಜೀವಿಗಳ ಭಯವನ್ನು ಹೋಗಲಾಡಿಸುವುದು ಅದರ ತಿರುಳು. ಉಳಿದ ದಾನಗಳು ಕಣ್ಣಿಗೆ ಕಾಣುತ್ತವೆ. ಅನ್ನ ಹಾಕಿದವನ ಹೆಸರು ಫಲಕದಲ್ಲಿ ಬರುತ್ತದೆ, ಗ್ರಂಥ ಕೊಟ್ಟವನ ಹೆಸರು ಮೊದಲ ಪುಟದಲ್ಲಿ ಬರುತ್ತದೆ. ಅಭಯದಾನಕ್ಕೆ ಅಂತಹ ಗುರುತಿಲ್ಲ. ಎಷ್ಟೋ ವೇಳೆ ಅದು ಒಂದು ಬಾಗಿಲನ್ನು ತೆರೆಯದೆ ಇರುವುದರಲ್ಲಿ, ಒಂದು ಚೀಲವನ್ನು ಸರಿಸದೆ ಇರುವುದರಲ್ಲಿ ಮುಗಿಯುತ್ತದೆ.

ಆಚರಣೆಯ ಮಟ್ಟದಲ್ಲಿ ಇದು ಕಷ್ಟವೇನಲ್ಲ. ಮನೆಯಲ್ಲಿ ಬೆಕ್ಕು ಮರಿ ಹಾಕಿರುವುದು ತಿಳಿದರೆ ಮೊದಲ ಎರಡು ಮೂರು ವಾರ ಆ ಮೂಲೆಯ ಕಡೆಗೆ ಓಡಾಟ ಕಡಿಮೆ ಮಾಡಬೇಕು. ಮಕ್ಕಳಿಗೆ ದೂರದಿಂದ ನೋಡುವುದನ್ನು ಕಲಿಸಬೇಕು. ಅದು ಅವರಿಗೆ ದೊರೆಯುವ ಮೊದಲ ಅಹಿಂಸಾ ಪಾಠ. ತಾಯಿಗೆ ಸ್ವಚ್ಛವಾದ ನೀರನ್ನು ಸ್ವಲ್ಪ ದೂರದಲ್ಲಿ ಇಡಬೇಕು. ಒಂದೇ ಮರಿ ಉಳಿದು ಕೂಗುತ್ತಿದ್ದರೆ ಅದು ತಬ್ಬಲಿ ಎಂದು ಕೂಡಲೇ ಎತ್ತಿಕೊಳ್ಳಬಾರದು. ತಾಯಿ ಒಂದೊಂದನ್ನೇ ಸಾಗಿಸುವುದರಿಂದ ಮತ್ತೆ ಬರುತ್ತಿರಬಹುದು. ಮಳೆ, ಬಿಸಿಲು, ನಾಯಿಗಳ ಅಪಾಯವಿಲ್ಲದಿದ್ದರೆ ಕೆಲವು ಗಂಟೆ ದೂರದಿಂದಲೇ ಕಾಯಬೇಕು. ತಾಯಿ ಬಾರದೆ ಮರಿ ತಣ್ಣಗಾಗುತ್ತಿದ್ದರೆ ಅದನ್ನು ಬೆಚ್ಚಗಿಟ್ಟು ಪಶುವೈದ್ಯರ ಸಲಹೆ ಪಡೆಯಬೇಕು. ಅನಿವಾರ್ಯವಾಗಿ ಸ್ಥಳ ಬದಲಿಸಬೇಕಾದರೆ ಎಲ್ಲ ಮರಿಗಳನ್ನೂ ತಾಯಿಯ ಜೊತೆಗೇ ಬದಲಿಸಬೇಕು.

ದೇಶದ ಕಾನೂನೂ ಇದೇ ಮಾತನ್ನು ತನ್ನ ಭಾಷೆಯಲ್ಲಿ ಹೇಳುತ್ತದೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯು, ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆದುಬಿಡುವುದನ್ನು ಅಪರಾಧವೆನ್ನುತ್ತದೆ. ಜೀವಿಗಳಲ್ಲಿ ಅನುಕಂಪ ತೋರುವುದು ಸಂವಿಧಾನದ 51ಎ ವಿಧಿಯ ಪ್ರಕಾರ ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯ. ಸಾವಿರಾರು ವರ್ಷಗಳಿಂದ ಅಹಿಂಸೆಯನ್ನು ಸಾರಿದ ಧರ್ಮದ ಅನುಯಾಯಿಗಳು ಕಾನೂನಿನ ಭಯದಿಂದ ಅದನ್ನು ಪಾಲಿಸಬೇಕಾಗಿ ಬರಬಾರದು.

ಆ ಹೆಂಚಿನ ಮನೆಯ ಅಟ್ಟಕ್ಕೆ ಮರುವರ್ಷವೂ ಬೆಕ್ಕೊಂದು ಬಂದಿತು. ಅದೇ ಬೆಕ್ಕೋ ಬೇರೆಯದೋ ಹೇಳುವಂತಿರಲಿಲ್ಲ. ಪರ್ವದ ಶುಚಿಕಾರ್ಯದಲ್ಲಿ ಅಟ್ಟವನ್ನೆಲ್ಲ ಗುಡಿಸಿದ ಯಜಮಾನನು ಒಂದು ಮೂಲೆಯನ್ನು ಮಾತ್ರ ಹಾಗೆಯೇ ಬಿಟ್ಟನು. ಏಣಿಯನ್ನು ತೆಗೆದು ಹಿತ್ತಿಲಲ್ಲಿ ಇಡಿಸಿದನು. ಮಗು ದಿನವೂ ಕೆಳಗೆ ನಿಂತು ಕಿವಿಗೊಟ್ಟು ಕೇಳುತ್ತಿತ್ತು, ಮೇಲೆ ಹತ್ತಲಿಲ್ಲ. ಆ ಸಲ ಮರಿಗಳು ತಾವಾಗಿಯೇ ಇಳಿದುಬರುವವರೆಗೂ ತಾಯಿ ಅವುಗಳನ್ನು ಅಲ್ಲಿಂದ ಕದಲಿಸಲಿಲ್ಲ. ಹೋದ ಮೂರು ಮರಿಗಳು ಇದರಿಂದ ಮರಳಿ ಬರಲಿಲ್ಲ. ಪ್ರಾಯಶ್ಚಿತ್ತದ ಗುರಿಯೂ ಹೋದುದನ್ನು ಮರಳಿ ತರುವುದಲ್ಲ, ಅದೇ ತಪ್ಪು ಮತ್ತೆ ಆಗದಂತೆ ನೋಡಿಕೊಳ್ಳುವುದು. ಕ್ಷಮಾವಾಣಿಯಂದು ಸಕಲ ಜೀವಿಗಳಲ್ಲಿ ಕ್ಷಮೆ ಕೇಳುವ ಶ್ರಾವಕನು ತನ್ನ ಮನೆಯ ಅಟ್ಟದಲ್ಲಿ, ಹಿತ್ತಿಲಿನಲ್ಲಿ, ಮೆಟ್ಟಿಲ ಕೆಳಗೆ ಇರುವ ಜೀವಿಗಳಿಂದ ಆ ಲೆಕ್ಕವನ್ನು ಆರಂಭಿಸುವುದು ಒಳ್ಳೆಯದು.